ರಾತ್ರಿ ನನ್ನನ್ನು ಮನೆ ಮುಟ್ಟಿಸಿದವರಿಗೆ

ಎಂ.ಎಸ್ಸಿ. ಫಲಿತಾಂಶ ಬಂದಿದೆ, ಪಾಸಾಗಿದ್ದೇನೆ. ಕರ್ನಾಟಕ ವಿಶ್ವವಿದ್ಯಾಲಯದ ನನ್ನ ಗುರುಗಳಿಗೆ ಎದುರಿಗೇ ಹೋಗಿ ನಮಸ್ಕಾರ ಮಾಡಿ ಬಂದೆ. ಆದರೆ ಧಾರವಾಡದಲ್ಲಿ ನನಗೆ ಕೆಮಿಸ್ಟ್ರಿಯ ಜೊತೆ ಇನ್ನೊಂದು ಪಾಠವೂ ನಡೆಯಿತು. ಅದನ್ನು ಕಲಿಸಿದ ಎಷ್ಟೋ ಜನರ ಹೆಸರು ಕೂಡ ನನಗೆ ಗೊತ್ತಿಲ್ಲ. ಈ ಬರಹ ಅವರಿಗೆ.

ನಾನು ಕುಷ್ಟಗಿ ಕಡೆಯವಳು. ದೊಡ್ಡಾಟ, ಭಜನಿ ಪದ ಕೇಳಿ ಬೆಳೆದವಳು. ಹಿಂದೂಸ್ತಾನಿ ಸಂಗೀತ ನಮ್ಮ ಮನೆಗೆ ಬಂದದ್ದೇ ಇಲ್ಲ. ಕರ್ನಾಟಕ ಕಾಲೇಜಿನ ಆವರಣದ ಸೃಜನಾ ರಂಗಮಂದಿರಕ್ಕೆ ಗೆಳತಿ ಕರೆದಳೆಂದು ಹೋದೆ. ವಿಲಂಬಿತ್ ಖ್ಯಾಲ್, ಅಂದರೆ ನಿಧಾನ ಲಯದ ಹಾಡುಗಾರಿಕೆ, ಶುರುವಾಯಿತು. ಜನ ನಡುನಡುವೆ ಒಮ್ಮೆಲೇ 'ವಾಹ್' ಅನ್ನುತ್ತಾರೆ, ಯಾಕೆಂದು ನನಗೆ ತಿಳಿಯದು. ಪಕ್ಕದಲ್ಲಿ ಇಳಕಲ್ ಸೀರೆಯ ಅಜ್ಜಿಯೊಬ್ಬರು ಬೆರಳ ಗೆಣ್ಣು ಎಣಿಸುತ್ತ ಕೂತಿದ್ದರು. ನನ್ನ ಮುಖ ನೋಡಿ ಬಾಗಿ ಹೇಳಿದರು: "ಇದು ಏಕತಾಲ, ಹನ್ನೆರಡು ಮಾತ್ರೆ. ತಬಲಾದಾಗ 'ತಿರಕಿಟ' ಅಂತದಲಾ, ಅದು ಎರಡ ಸಲ ಬರ್ತದ. ಎರಡನೇದು ಬಂದ ಮ್ಯಾಲೆ ಇನ್ನ ಎರಡ ಮಾತ್ರೆ. ಆಮ್ಯಾಲೆ ಸಮ್, ಅಂದ್ರ ತಾಳದ ಮೊದಲನೇ ಮಾತ್ರೆ. ಈಗ ಕೇಳು."

ಕೇಳಿದೆ. ತಿರಕಿಟ ಬಂತು, ಹೋಯಿತು. ಮತ್ತೊಮ್ಮೆ ಬಂತು. ಧಿನ್, ನಾ. ಹಾಡುವವರ ದನಿಯೂ ತಬಲಾದ ಪೆಟ್ಟೂ ಒಂದೇ ಕಡೆ ಬಂದು ಕೂಡಿದವು, ಅಜ್ಜಿಯ ಕೈ ನನ್ನ ತೊಡೆಯ ಮೇಲೆ ಬಿತ್ತು. ಯಾವ ಪುಸ್ತಕವೂ ನನಗೆ ಅದನ್ನು ಹಾಗೆ ಕಲಿಸುತ್ತಿರಲಿಲ್ಲ.

ಆಮೇಲೆ ಕಛೇರಿಗಳ ಹುಚ್ಚು ಹಿಡಿಯಿತು. ಹಿಂದೂಸ್ತಾನಿ ಗಾಯಕ ಮಲ್ಲಿಕಾರ್ಜುನ ಮನಸೂರರು ಬಾಳಿದ 'ಮೃತ್ಯುಂಜಯ' ಮನೆ ನೋಡಿದೆ, ಪುಸ್ತಕ ಪ್ರಕಾಶಕರಾದ ಮನೋಹರ ಗ್ರಂಥಮಾಲೆಯ ಅಟ್ಟ ಹತ್ತಿ ಪುಸ್ತಕ ಕೊಂಡೆ. ಆದರೆ ಕಛೇರಿ ಮುಗಿಯುವುದು ರಾತ್ರಿ. ಒಬ್ಬಳೇ ಹುಡುಗಿ ಸಂಗೀತ ಕೇಳಲು ಹೋಗಬೇಕಾದರೆ ಟಿಕೆಟ್ಟಿಗಿಂತ ದೊಡ್ಡ ಪ್ರಶ್ನೆ ತಿರುಗಿ ಬರುವುದು ಹೇಗೆಂಬುದು. ಇದನ್ನು ಕಲೆಯ ಬಗ್ಗೆ ಮಾತಾಡುವವರು ಹೇಳುವುದು ಕಡಿಮೆ.

ಆ ಪ್ರಶ್ನೆ ನನಗೆ ಅಡ್ಡ ಬರದಂತೆ ನೋಡಿಕೊಂಡವರು ನೀವು. ಮಾಳಮಡ್ಡಿಯ ನನ್ನ ಬಾಡಿಗೆ ಕೋಣೆಯ ಮೌಶಿ, "ಎಷ್ಟೊತ್ತಾದರೂ ಬಾ, ಆದ್ರ ಬಂದಕೂಡಲೇ ಬಾಗಿಲಾ ಬಡದು ಹೇಳು" ಎಂದು ಗೇಟಿನ ಕೀಲಿಕೈ ಕೊಟ್ಟರು. ಸ್ಕೂಟರ್ ನಿಧಾನ ಮಾಡಿಕೊಂಡು ನಮ್ಮ ಆಟೋ ಹಿಂದೆಯೇ ಓಣಿಯ ತನಕ ಬಂದ ದಂಪತಿಗಳು. ಕುಂದಗೋಳದ ನಾಡಗೇರ ವಾಡೆಯಲ್ಲಿ ಗಾಯಕ ಸವಾಯಿ ಗಂಧರ್ವರ ನೆನಪಿನ ಅಹೋರಾತ್ರಿ ಕಛೇರಿಗೆ ಕರೆದುಕೊಂಡು ಹೋಗಿ, ನಸುಕಿನಲ್ಲಿ ಚಹಾ ಕುಡಿಸಿ, ಬಸ್ಸಿನಲ್ಲಿ ಕಿಟಕಿ ಪಕ್ಕ ಕೂಡಿಸಿದ ಅಕ್ಕಂದಿರು.

ಆ ವಾಡೆಯಲ್ಲಿ ಕೂತಾಗ ಗಾಯಕಿ ಗಂಗೂಬಾಯಿ ಹಾನಗಲ್ ನೆನಪಾದರು. 1913ರಲ್ಲಿ ಧಾರವಾಡದಲ್ಲಿ ಹುಟ್ಟಿದವರು, ಹುಬ್ಬಳ್ಳಿಯಿಂದ ರೈಲಿನಲ್ಲಿ ಸವಾಯಿ ಗಂಧರ್ವರ ಹತ್ತಿರ ಕುಂದಗೋಳಕ್ಕೆ ಪಾಠಕ್ಕೆ ಬರುತ್ತಿದ್ದರು. ಹಾಡುವ ಹೆಂಗಸೆಂದು ಬೀದಿಯಲ್ಲಿ ಹಂಗಿಸಿದವರ ಮಾತನ್ನೂ ಕೇಳಿಸಿಕೊಂಡೇ ಆ ದಾರಿ ನಡೆದರು. ಬರೀ ಕೇಳುಗಳಾದ ನಾನು ರಾತ್ರಿ ಹನ್ನೊಂದಕ್ಕೆ ಧಾರವಾಡದ ಬೀದಿಯಲ್ಲಿ ಕೇಳಿದ ಬಂದಿಶ್‌ನ (ಖ್ಯಾಲಿನ ಪದದ) ಸಾಲು ಗುನುಗುತ್ತ ಬರುವಂತಾದದ್ದು ಅಂಥವರ ಋಣ.

ಎರಡನೇ ವರ್ಷ ಅಪ್ಪ ಹಾಸಿಗೆ ಹಿಡಿದಾಗ ಓದು ಬಿಡುವ ಮಾತಾಗಿತ್ತು. ಆ ತಿಂಗಳುಗಳಲ್ಲಿ ನಾನು ಅತ್ತದ್ದು ಕಛೇರಿಯ ಕತ್ತಲಲ್ಲೇ. ಯಾರೂ ಏನೂ ಕೇಳಲಿಲ್ಲ. ಅಜ್ಜಿ ಕರವಸ್ತ್ರ ಕೊಟ್ಟರು, ಅಷ್ಟೇ. ಅಪ್ಪ ಈಗ ಎದ್ದು ಓಡಾಡುತ್ತಿದ್ದಾರೆ. ಫೋನಿನಲ್ಲಿ ಮನಸೂರರನ್ನು ಕೇಳಿಸಿದರೆ ಕಣ್ಣು ಮುಚ್ಚಿ ಕೂಡುತ್ತಾರೆ.

ಕೆಲಸಕ್ಕೆಂದು ಹೈದರಾಬಾದಿಗೆ ಹೊರಟಿದ್ದೇನೆ. ಅಜ್ಜಿ, ಅಕ್ಕಂದಿರೇ, ಸ್ಕೂಟರಿನ ಕಾಕಾ, ನಿಮಗೆಲ್ಲ ಕೈ ಮುಗಿಯುತ್ತೇನೆ. ಮೌಶಿ, ನಿಮ್ಮಲ್ಲಿ ಒಂದೇ ಕೇಳಿಕೆ: ನನ್ನ ಕೋಣೆಗೆ ಬರುವ ಹುಡುಗಿಗೂ ಗೇಟಿನ ಕೀಲಿಕೈ ಕೊಡಿ.