ವೆನಿಲ್ಲಾ ಹೂವು, ಸೆನ್ಸೆಕ್ಸ್ ಮತ್ತು ನಿಮ್ಮ ‘ಲಕ್ಷ ಕೋಟಿ ಮಾಯ’

ಮಾನ್ಯ ಸಂಪಾದಕರೇ,

ಷೇರುಪೇಟೆ ಬಿದ್ದ ದಿನ ನೀವು ಹಾಕುವ ‘ಲಕ್ಷ ಕೋಟಿ ಮಾಯ’ ತಲೆಬರಹದ ಬಗ್ಗೆ ಈ ಪತ್ರ, ಶುರು ಮಾತ್ರ ಹೂವಿನಿಂದ. ಮೊನ್ನೆ ಶಿರಸಿ ಹತ್ತಿರದ ತಂಗಿಯ ಮನೆಗೆ ಹೋಗಿದ್ದೆ. ಹೂವು ನೋಡಲು ಅಂತಲೇ ಹೋಗಿದ್ದು. ದಾರಿಯುದ್ದಕ್ಕೂ ಮುತ್ತುಗ ಅರಳಿತ್ತು, ಅಂಗಳದಲ್ಲಿ ಆಂಥೂರಿಯಂ ಸಾಲು, ಜಗಲಿಯಲ್ಲಿ ಸುರಗಿ ಮಾಲೆಯ ಘಮ. ಆದರೆ ನಾನು ಜಾಸ್ತಿ ಹೊತ್ತು ನಿಂತಿದ್ದು ತೋಟದ ಮೂಲೆಯ ವೆನಿಲ್ಲಾ ಬಳ್ಳಿಯ ಹತ್ತಿರ.

ತಂಗಿ ಒಂದೊಂದೇ ಹೂವನ್ನು ಎಡಗೈಯಲ್ಲಿ ಹಿಡಿದು, ಎಸಳು ಸೀಳಿ, ಚೂಪು ಕಡ್ಡಿಯಿಂದ ಒಳಗಿನ ಸಣ್ಣ ಪರದೆ ಎತ್ತಿ, ಹೆಬ್ಬೆರಳಿನಿಂದ ಪರಾಗ ಒತ್ತುತ್ತಿದ್ದಳು. ನಮ್ಮಲ್ಲಿ ಈ ಕೆಲಸವನ್ನು ಮನುಷ್ಯರೇ ಮಾಡಬೇಕು. ಬೆಳಿಗ್ಗೆ ಅರಳಿದ್ದು ಮಧ್ಯಾಹ್ನ ಬಾಡುತ್ತದೆ, ಕೋಡು ಬಲಿಯಲು ಮಾತ್ರ ಒಂಬತ್ತು ತಿಂಗಳು. ಅಷ್ಟರಲ್ಲಿ ನಾನು ಮೂರು ಸಲ ಫೋನ್ ತೆಗೆದು ಷೇರುಪೇಟೆಯ ಸೂಚ್ಯಂಕ ಸೆನ್ಸೆಕ್ಸ್ ನೋಡಿದ್ದೆ, ಅದೂ ನೆಟ್‌ವರ್ಕ್ ಸಿಗುವ ಒಂದೇ ಒಂದು ಅಡಿಕೆ ಮರದ ಬುಡಕ್ಕೆ ನಡೆದು ಹೋಗಿ. “ಅಣ್ಣಾ, ಫೋನ್ ಒಳಗಿಡು, ಕಡ್ಡಿ ತಗೋ, ಹನ್ನೊಂದು ಗಂಟೆ ಆಯ್ತು” ಅಂದಳು. ಒಂಬತ್ತು ಹೂವು ಒತ್ತಿದೆ. ನಾಲ್ಕು ಉದುರಿದವಂತೆ.

ಈ ಬಳ್ಳಿಯ ಕಥೆ ನಮ್ಮ ಕಡೆಯವರಿಗೆ ಗೊತ್ತೇ ಇದೆ. 2000ದಲ್ಲಿ, ಜಗತ್ತಿಗೆ ಹೆಚ್ಚು ವೆನಿಲ್ಲಾ ಕೊಡುವ ಮಡಗಾಸ್ಕರ್‌ಗೆ ಚಂಡಮಾರುತ ಬಡಿದು ಬೆಲೆ ಏರಲು ಶುರುವಾಯಿತು. 2003ರ ಹೊತ್ತಿಗೆ ಹಸಿ ಕೋಡಿಗೆ ಕಿಲೋಗೆ 3,000 ರೂಪಾಯಿ ದಾಟಿತ್ತು. ರಾತ್ರಿ ಟಾರ್ಚ್ ಹಿಡಿದು, ನಾಯಿ ಕಟ್ಟಿಕೊಂಡು ತೋಟ ಕಾದಿದ್ದೇವೆ. ಪಕ್ಕದ ಮನೆಯವರು ಹಾಕಿದರು ಅಂತ ನಾವೂ ಹಾಕಿದೆವು, ಬಳ್ಳಿಯ ತುಂಡಿಗೂ ದುಡ್ಡು ಕೊಟ್ಟು. ಮಡಗಾಸ್ಕರ್ ಬೆಳೆ ಚೇತರಿಸಿತು, ಐಸ್‌ಕ್ರೀಮ್ ಮಾಡುವವರು ಕೃತಕ ವೆನಿಲ್ಲಾ ಹಿಡಿದರು, ಬೆಲೆ ಬಿತ್ತು. ಸಿಟ್ಟಿನಲ್ಲಿ ನಮ್ಮ ಅಪ್ಪಯ್ಯ ಬಳ್ಳಿಯನ್ನೇ ಕಿತ್ತು ಗೊಬ್ಬರದ ಗುಂಡಿಗೆ ಹಾಕಿದರು. 2017ರಲ್ಲಿ ಅಲ್ಲಿ ಮತ್ತೆ ಚಂಡಮಾರುತ, ಇಲ್ಲಿ ಮತ್ತೆ ಬೆಲೆ. ನಮ್ಮಲ್ಲಿ ಬಳ್ಳಿ ಎಲ್ಲಿತ್ತು?

ಅಪ್ಪಯ್ಯನನ್ನು ಆಡಿಕೊಂಡ ನಾನು ಮಾಡಿದ್ದೂ ಅದನ್ನೇ. 2020ರ ಮಾರ್ಚ್ 23ರಂದು ಸೆನ್ಸೆಕ್ಸ್ 3,934 ಅಂಶ ಕುಸಿದು 26 ಸಾವಿರಕ್ಕಿಂತ ಕೆಳಗೆ ಬಂತು. ಮಗಳ ಓದಿಗೆ ಅಂತ ತಿಂಗಳು ತಿಂಗಳು ಕಟ್ಟಿದ್ದ, ಷೇರುಗಳಲ್ಲಿ ತೊಡಗಿಸುವ ಮ್ಯೂಚುವಲ್ ಫಂಡ್ ಹಣವನ್ನು ಮರುದಿನವೇ ವಾಪಸ್ ತೆಗೆದೆ. ರಾತ್ರಿಯಿಡೀ ನಿದ್ದೆ ಇರಲಿಲ್ಲ, ತೆಗೆದ ಮೇಲೆ ಎಷ್ಟು ಹಾಯೆನಿಸಿತು ಅಂದರೆ ಮನೆಯವಳ ಹತ್ತಿರ ಪಾಯಸ ಮಾಡು ಅಂದಿದ್ದೆ. ಡಿಸೆಂಬರ್ ಮುಗಿಯುವಾಗ ಅದೇ ಸೆನ್ಸೆಕ್ಸ್ 47 ಸಾವಿರ ದಾಟಿತ್ತು. ಆ ಪಾಯಸದ ಲೆಕ್ಕ ಇವತ್ತಿಗೂ ಅವಳು ತೆಗೆಯುತ್ತಾಳೆ.

ತಪ್ಪು ನನ್ನದೇ, ಪತ್ರಿಕೆ ಬಂದು ನನ್ನ ಕೈ ಹಿಡಿದು ಮಾರಿಸಲಿಲ್ಲ. ಆದರೂ ಒಂದು ಮಾತು. ಷೇರುಪೇಟೆ ಬಿದ್ದ ದಿನ ಮುಖಪುಟದಲ್ಲಿ ‘ಹೂಡಿಕೆದಾರರ ಲಕ್ಷಾಂತರ ಕೋಟಿ ಮಾಯ’ ಅಂತ ದಪ್ಪ ಅಕ್ಷರದಲ್ಲಿ ಹಾಕುತ್ತೀರಿ. ಏರಿದ ದಿನ ಒಳಪುಟದಲ್ಲಿ ನಾಲ್ಕು ಸಾಲು. ಮಾರದೇ ಇಟ್ಟವನದ್ದು ಏನು ಮಾಯವಾಯಿತು, ಹೇಳಿ? ಅಟ್ಟದ ಮೇಲೆ ಚಾಲಿ ಅಡಿಕೆಯ ಮೂಟೆ ಇಟ್ಟವನಿಗೆ ಕ್ವಿಂಟಲ್‌ಗೆ ಸಾವಿರ ರೂಪಾಯಿ ಇಳಿದರೆ ‘ಬೆಳೆಗಾರರ ಕೋಟಿ ಕೋಟಿ ಮಾಯ’ ಅಂತ ನೀವು ಬರೆಯುವುದಿಲ್ಲ ಅಲ್ವಾ? ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು ಅಂತ ಅಡಿಕೆಯ ಬಗೆಗಳನ್ನು ಸಾಲಾಗಿ ಕೊಟ್ಟು, ಎದುರಿಗೆ ಕನಿಷ್ಠ, ಗರಿಷ್ಠ, ಸರಾಸರಿ ಹಾಕಿ ಸುಮ್ನಿರುತ್ತೀರಿ. ಅದನ್ನು ಓದಿ ಯಾರಿಗೂ ಎದೆ ಡವಡವ ಅನ್ನುವುದಿಲ್ಲ. ಬೇಕಾದವರು ಮಾರುತ್ತಾರೆ, ಬೇಡದವರು ಮೂಟೆ ಅಲ್ಲೇ ಬಿಡುತ್ತಾರೆ.

ಷೇರುಪೇಟೆಯ ಸುದ್ದಿಯನ್ನೂ ಆ ಅಡಿಕೆ ಧಾರಣೆಯ ಹಾಗೇ ಕೊಡಿ. ಇಂದು ಎಷ್ಟು, ಹೋದ ವರ್ಷ ಇದೇ ದಿನ ಎಷ್ಟು, ಐದು ವರ್ಷದ ಹಿಂದೆ ಎಷ್ಟು, ಮೂರೇ ಅಂಕಣ ಸಾಕು. ಜಾಗ ಇಲ್ಲ ಅಂದರೆ ದಿನಭವಿಷ್ಯದಲ್ಲಿ ಎರಡು ರಾಶಿ ಬಿಡಿ, ನನ್ನದನ್ನೂ ಸೇರಿಸಿಯೇ.

– ನಿಮ್ಮ ಹಳೆಯ ಓದುಗ, ಶಿರಸಿ