ಅನಾವರಣಕ್ಕೆ ಮುಂಚೆ ಬೋಲ್ಟು ನೋಡಿ: ಮೇಯರ್ ಅವರಿಗೊಂದು ಬಹಿರಂಗ ಪತ್ರ

ಮಾನ್ಯ ಮೇಯರ್ ಅವರಿಗೆ,

ನಮಸ್ಕಾರಗಳು. ಗುಜರಿ ಕಬ್ಬಿಣ, ಹಳೆ ಟಯರು, ಕರಗಿಸಿದ ಪ್ಲಾಸ್ಟಿಕ್, ಫೈಬರ್, ಕಂಪ್ಯೂಟರಿನ ಬಿಡಿಭಾಗ ಇವುಗಳಿಂದ ಮಾಡಿದ ಶಿಲ್ಪಗಳನ್ನೂ ಬೆಂಚುಗಳನ್ನೂ ವೃತ್ತಗಳಲ್ಲಿ, ಉದ್ಯಾನಗಳಲ್ಲಿ ಇರಿಸಬೇಕೆಂಬ ತಮ್ಮ ಉತ್ಸಾಹವನ್ನು ನಾವು ಮನಸಾರೆ ಸ್ವಾಗತಿಸುತ್ತೇವೆ. ಇಂಥ ವಸ್ತುಗಳಲ್ಲೇ ಕೆಲಸ ಮಾಡುವ ಶಿಲ್ಪಿಗಳು, ಫ್ಯಾಬ್ರಿಕೇಟರುಗಳು, ಕಲಾಕೃತಿ ಸಂರಕ್ಷಕರು ಕೂಡಿ ಬರೆಯುತ್ತಿರುವ ಪತ್ರವಿದು. ಕಲ್ಲು, ಕಂಚಿನ ಪ್ರತಿಮೆಗೆಂದು ಮಾಡಿಟ್ಟ ಟೆಂಡರ್ ನಮೂನೆಯನ್ನು ದಯವಿಟ್ಟು ಈ ಕೃತಿಗಳಿಗೆ ಅನ್ವಯಿಸಬೇಡಿ. ಆ ನಮೂನೆಯಲ್ಲಿ ಎತ್ತರ, ತೂಕ, ಅನಾವರಣದ ದಿನಾಂಕಕ್ಕೆ ಜಾಗವಿರುತ್ತದೆ. ಯಾವ ವಸ್ತು ಯಾವುದಕ್ಕೆ ತಾಗುತ್ತದೆ, ಒಳಗೆ ಹೋದ ನೀರು ಎಲ್ಲಿಂದ ಹೊರಬರುತ್ತದೆ, ಕೃತಿ ಎಷ್ಟು ವರ್ಷ ಬಾಳಬೇಕು ಎಂಬುದಕ್ಕೆ ಇರುವುದಿಲ್ಲ. ಕೃತಿ ಕೆಡುವುದು ಇಲ್ಲೇ.

ಜೋಡಣೆಯಿಂದ ಶುರುಮಾಡುತ್ತೇವೆ. ಅಲ್ಯೂಮಿನಿಯಂ ತಗಡಿಗೆ ಸ್ಟೇನ್‌ಲೆಸ್ ಬೋಲ್ಟು ಬಿಗಿದು ಮಳೆಗೆ ಬಿಟ್ಟರೆ ಬೋಲ್ಟಿಗೆ ಏನೂ ಆಗುವುದಿಲ್ಲ. ಅದರ ಸುತ್ತಲಿನ ತಗಡು ಬಿಳಿ ಪುಡಿಯಾಗಿ ಉದುರುತ್ತಾ ತೂತು ಅಗಲವಾಗುತ್ತದೆ. ಎರಡು ಬೇರೆ ಲೋಹ ಒದ್ದೆಯಲ್ಲಿ ತಾಗಿಕೊಂಡಾಗ ಒಂದು ಇನ್ನೊಂದನ್ನು ತಿನ್ನುತ್ತದೆ. ಸವೆಯುವ ಲೋಹದ ತುಣುಕು ಚಿಕ್ಕದಾಗಿದ್ದಷ್ಟೂ ಹಾನಿ ಬೇಗ. ಹಾಗಾಗಿ ದೊಡ್ಡ ತಾಮ್ರದ ತಗಡಿಗೆ ಕಬ್ಬಿಣದ ರಿವೆಟ್ ಹೊಡೆಯುವುದು ಎಲ್ಲಕ್ಕಿಂತ ಕೆಟ್ಟ ಜೋಡಿ. ಇದಕ್ಕೆ ನೈಲಾನ್ ವಾಷರ್ ಹಾಕಿದ್ದೇವೆ ಎನ್ನುವವರುಂಟು. ವಾಷರ್ ಕಾಪಾಡುವುದು ಬೋಲ್ಟಿನ ತಲೆಯ ಅಡಿಯನ್ನು ಮಾತ್ರ. ಬೋಲ್ಟಿನ ಮೈ ತೂತಿನ ಅಂಚಿಗೆ ತಾಗಿಯೇ ಇರುತ್ತದೆ. ತೂತನ್ನು ತುಸು ದೊಡ್ಡದಾಗಿ ಕೊರೆದು, ಬೋಲ್ಟಿಗೆ ಕೊಳವೆಯಂಥ ಪ್ಲಾಸ್ಟಿಕ್ ಬುಶ್ ತೊಡಿಸಿ, ಎರಡೂ ಬದಿಗೆ ವಾಷರ್ ಇಟ್ಟು, ಅಂಚಿಗೆ ಸೀಲಂಟ್ ಹಾಕಿದರೆ ಮಾತ್ರ ಕೆಲಸ ಪೂರ್ತಿ.

ನ್ಯೂಯಾರ್ಕಿನ ಸ್ವಾತಂತ್ರ್ಯ ದೇವಿಯ ಪ್ರತಿಮೆಗೂ ಇದೇ ಕಾಯಿಲೆ ಬಂದಿತ್ತು. ಹೊರಮೈ ತಾಮ್ರ, ಒಳಗಿನ ಪಟ್ಟಿಗಳು ಕಬ್ಬಿಣ, ನಡುವೆ ಅರಗು ಕುಡಿಸಿದ ಕಲ್ನಾರಿನ ಪದರ. ಕಾಲಕ್ರಮೇಣ ಆ ಪದರವೇ ನೀರು ಹಿಡಿದಿಟ್ಟುಕೊಂಡಿತು. ಕಬ್ಬಿಣ ತುಕ್ಕು ಹಿಡಿದು ಉಬ್ಬಿ, ತಾಮ್ರದಲ್ಲಿದ್ದ ರಿವೆಟ್‌ಗಳನ್ನು ಕಿತ್ತಿತು. 1984ರಿಂದ 1986ರವರೆಗೆ ನಡೆದ ದುರಸ್ತಿಯಲ್ಲಿ ಆ ಪಟ್ಟಿಗಳನ್ನು ತೆಗೆದು ಸ್ಟೇನ್‌ಲೆಸ್ ಉಕ್ಕಿನವನ್ನು ಕೂರಿಸಿ, ನಡುವೆ ಟೆಫ್ಲಾನ್ ಇಟ್ಟರು. ಕಂಡ ಕಂಡ ಲೋಹವನ್ನೆಲ್ಲ ಒಂದೇ ಮೈಗೆ ಸೇರಿಸುವ ಗುಜರಿ ಶಿಲ್ಪದಲ್ಲಿ ಇಂಥ ಜೋಡಣೆಗಳು ನೂರಾರು. ಅವುಗಳ ನಕ್ಷೆಯನ್ನು ಟೆಂಡರಿನಲ್ಲೇ ಕೇಳಿ.

ಪ್ಲಾಸ್ಟಿಕ್ಕಿನ ತೊಂದರೆ ಬೇರೆ, ಅದು ಹಿಗ್ಗುತ್ತದೆ. ಕರಗಿಸಿದ ಕ್ಯಾನು, ಮುಚ್ಚಳಗಳಿಂದ ಮಾಡಿದ ಮೂರು ಮೀಟರ್ ಉದ್ದದ, ಗಟ್ಟಿ ಪ್ಲಾಸ್ಟಿಕ್ಕಾದ ಎಚ್‌ಡಿಪಿಇ ಹಲಗೆ, ಉಷ್ಣಾಂಶ 40 ಡಿಗ್ರಿ ಏರಿದಾಗ ಸುಮಾರು 15ರಿಂದ 20 ಮಿಲಿಮೀಟರ್ ಉದ್ದವಾಗುತ್ತದೆ. ಅದರ ಅಡಿಯ ಉಕ್ಕಿನ ಚೌಕಟ್ಟು ಒಂದೂವರೆ ಮಿಲಿಮೀಟರ್ ಕೂಡ ಹಿಗ್ಗುವುದಿಲ್ಲ. ಎರಡೂ ತುದಿಗೆ ಬಿಗಿಯಾಗಿ ಸ್ಕ್ರೂ ಹಾಕಿದ ಬೆಂಚು ಬಿಲ್ಲಿನಂತೆ ಬಾಗುವುದಕ್ಕೆ ಕಾರಣ ಇದೇ. ನಡುವೆ ಒಂದು ಕಡೆ ಮಾತ್ರ ಬಿಗಿದು, ಉಳಿದ ತೂತುಗಳನ್ನು ಹಲಗೆಯ ಉದ್ದಕ್ಕೆ ನೀಳವಾಗಿ ಕೊರೆಯಬೇಕು. ಬಣ್ಣದ ವಿಷಯದಲ್ಲೂ ಸ್ವಲ್ಪ ರಾಜಿಯಾಗಬೇಕಾದೀತು. ಶೇಕಡ 2ರಿಂದ 2.5ರಷ್ಟು ಕಾರ್ಬನ್ ಬ್ಲ್ಯಾಕ್ ಎಂಬ ಮಸಿಪುಡಿ ಬೆರೆಸಿದ ಕಪ್ಪು ಪ್ಲಾಸ್ಟಿಕ್ ಬಿಸಿಲನ್ನು ಚೆನ್ನಾಗಿ ತಡೆಯುತ್ತದೆ. ಬಿಸಿಲಿನ ಹಾನಿ ತಡೆಯುವ ಯುವಿ ಸ್ಟೆಬಿಲೈಸರ್ ಇಲ್ಲದ ಬಣ್ಣದ ಬಾಟಲಿಗಳು ಮಂಕಾಗಿ, ಕೊನೆಗೆ ಕೈಯಲ್ಲಿ ಮುರಿದರೆ ಪುಡಿಯಾಗುತ್ತವೆ. ಪರಿಸರ ಉಳಿಸಿ ಎಂದು ಸಾರುವ ಕೃತಿಯೇ ಪ್ಲಾಸ್ಟಿಕ್ ಚೂರನ್ನು ಮಣ್ಣಿಗೆ ಉದುರಿಸುತ್ತಾ ನಿಲ್ಲುವುದು ನಮಗಂತೂ ಸಂಕಟದ ವಿಷಯ.

ಗಾಜಿನ ನಾರಿಗೆ ರೆಸಿನ್ ಎಂಬ ದ್ರವವನ್ನು ಕುಡಿಸಿ ಗಟ್ಟಿಮಾಡುವ ಫೈಬರ್ ಶಿಲ್ಪದ ಮಟ್ಟಿಗೆ ಅವಸರವೇ ಶತ್ರು. ಪಾಲಿಯೆಸ್ಟರ್ ರೆಸಿನ್‌ಗೆ ಸಾಮಾನ್ಯವಾಗಿ ತೂಕದ ಶೇಕಡ 1ರಿಂದ 2ರಷ್ಟು ಹಾರ್ಡನರ್ (ಗಟ್ಟಿಯಾಗಿಸುವ ರಾಸಾಯನಿಕ) ಸಾಕು. ಅನಾವರಣದ ದಿನ ಹತ್ತಿರ ಬಂತೆಂದು ಹೆಚ್ಚು ಸುರಿದರೆ, ಅಥವಾ ದಪ್ಪ ಪದರವನ್ನು ಒಂದೇ ಸಲಕ್ಕೆ ಹಾಕಿದರೆ, ಮೈ ಕಾದು ಕುಗ್ಗಿ ಬಿರಿಯುತ್ತದೆ. ಮೇಲೆ ಬಣ್ಣ ಬಳಿದಾಗ ಬಿರುಕು ಮುಚ್ಚಿಹೋಗುತ್ತದೆ, ಬಿಲ್ಲೂ ಪಾಸಾಗುತ್ತದೆ. ಹೊರಪದರವಾದ ಜೆಲ್‌ಕೋಟ್ ಸುಮಾರು ಅರ್ಧ ಮಿಲಿಮೀಟರ್ ಇರಬೇಕು. ಅದಕ್ಕಿಂತ ತೆಳುವಾದರೆ ಗಾಜಿನ ನಾರು ಮೇಲೆದ್ದು ಕಾಣುತ್ತದೆ, ನೀರು ಒಳಗಿಳಿದು ಗುಳ್ಳೆ ಏಳುತ್ತದೆ. ಕೆಲಸಗಾರರ ಪ್ರಾಣದ ಮಾತೂ ಇಲ್ಲಿದೆ. ಹಾರ್ಡನರನ್ನೂ ಗಟ್ಟಿಯಾಗುವುದನ್ನು ಚುರುಕುಗೊಳಿಸುವ ಕೋಬಾಲ್ಟ್ ಆಕ್ಸಿಲರೇಟರನ್ನೂ ನೇರವಾಗಿ ಬೆರೆಸಿದರೆ ಸ್ಫೋಟವಾಗಬಹುದು. ರೆಸಿನ್‌ನಿಂದ ಏಳುವ ಸ್ಟೈರೀನ್ ಆವಿಗೆ ಧೂಳಿನ ಮಾಸ್ಕ್ ಏನೇನೂ ಸಾಲದು, ಇದ್ದಿಲಿನ ಫಿಲ್ಟರ್ ಇರುವ ಮುಖವಾಡವೇ ಬೇಕು. ಅದರ ವೆಚ್ಚವನ್ನು ಎಸ್ಟಿಮೇಟಿನಲ್ಲಿ ಪ್ರತ್ಯೇಕ ಬಾಬ್ತಾಗಿ ತೋರಿಸಲು ಅವಕಾಶ ಕೊಡಿ. ಸೀಸದ ಬೆಸುಗೆ ಇರುವ ಹಳೆ ಸರ್ಕ್ಯೂಟ್ ಬೋರ್ಡುಗಳನ್ನು ಮಕ್ಕಳ ಕೈಗೆಟಕುವ ಎತ್ತರದಲ್ಲಿ ಬಳಸಲೇಬಾರದು ಎಂಬ ಷರತ್ತನ್ನೂ ಸೇರಿಸಿ.

ನೀರಿನ ಬಗ್ಗೆ ಹೇಳುವುದು ಚಿಕ್ಕದು, ಮರೆಯುವವರು ಬಹಳ. ಟೊಳ್ಳಾದ ಪ್ರತಿ ಭಾಗಕ್ಕೂ ಅತಿ ತಗ್ಗಿನ ಜಾಗದಲ್ಲಿ 10-12 ಮಿಲಿಮೀಟರಿನ ತೂತು ಬೇಕು. ಟಯರಿನಲ್ಲಿ ತೂತಿಲ್ಲದಿದ್ದರೆ ಸೊಳ್ಳೆಗೆ ನಾವೇ ಮನೆ ಕಟ್ಟಿಕೊಟ್ಟಂತೆ. ತುಕ್ಕಿನ ಬಣ್ಣಕ್ಕಾಗಿಯೇ ಆರಿಸುವ ಕಾರ್ಟೆನ್ ಉಕ್ಕಿಗೆ ರಕ್ಷಣಾ ಪದರವಾದ ತುಕ್ಕು ಗಟ್ಟಿಯಾಗುವುದು ನೆನೆದು ಒಣಗುವ ಆವರ್ತನದಿಂದ. ನೀರು ನಿಂತ ಕಡೆ, ಕಡಲ ಉಪ್ಪುಗಾಳಿ ಬೀಸುವ ಕಡೆ ಅದು ಉಕ್ಕನ್ನು ಕೊರೆಯುತ್ತಲೇ ಹೋಗುತ್ತದೆ.

ಹೊಸ ಬಗೆಯ ವಸ್ತುವೆಂದರೆ ಅಪಾಯ ಎಂದು ತಮ್ಮ ಎಂಜಿನಿಯರುಗಳು ಹೆದರುವುದೂ ಬೇಡ. ಲಾಸ್ ಏಂಜಲೀಸಿನಲ್ಲಿ ಸೈಮನ್ ರೋಡಿಯಾ ಉಕ್ಕು, ಸಿಮೆಂಟ್, ಒಡೆದ ಗಾಜು, ಪಿಂಗಾಣಿ ಚೂರುಗಳಿಂದ ಒಬ್ಬರೇ ಕಟ್ಟಿದ ವಾಟ್ಸ್ ಗೋಪುರಗಳನ್ನು ಕೆಡವಲು ಅಲ್ಲಿನ ನಗರಾಡಳಿತ ಆದೇಶಿಸಿತ್ತು. 1959ರಲ್ಲಿ ಪರೀಕ್ಷೆಗೆಂದು ಸುಮಾರು ನಾಲ್ಕೂವರೆ ಟನ್ ಬಲದಿಂದ ಪಕ್ಕಕ್ಕೆಳೆದಾಗ ಗೋಪುರ ಜಗ್ಗಲಿಲ್ಲ, ಆದೇಶ ಬಿದ್ದುಹೋಯಿತು. ಹಾಗೆಂದು ಅವು ತಮ್ಮಷ್ಟಕ್ಕೆ ನಿಂತಿಲ್ಲ, ದಶಕಗಳಿಂದ ಬಿರುಕು ಮುಚ್ಚುವ ಕೆಲಸ ಮತ್ತೆ ಮತ್ತೆ ನಡೆದಿದೆ. ಅಳೆದು ನೋಡಿ ತೀರ್ಮಾನಿಸುವುದು, ಆಮೇಲೆ ನಿರ್ವಹಣೆಗೆ ಹಣವಿಡುವುದು, ಎರಡೂ ಬೇಕು.

ಎಲ್ಲ ಕೃತಿಯೂ ಶಾಶ್ವತವಾಗಿರಬೇಕೆಂದೇನೂ ಇಲ್ಲ. 2014ರಲ್ಲಿ ನ್ಯೂಯಾರ್ಕಿನ ಮೋಮಾ ಪಿಎಸ್1 ಕಲಾ ಸಂಗ್ರಹಾಲಯದ ಅಂಗಳದಲ್ಲಿ ಜೋಳದ ದಂಟಿನ ಚೂರು ಮತ್ತು ಅಣಬೆಯ ಬೇರುನಾರಿನಿಂದ ಬೆಳೆಸಿದ ಸುಮಾರು 10,000 ಇಟ್ಟಿಗೆಗಳ ಗೋಪುರವೊಂದು ಬೇಸಿಗೆ ಮುಗಿಯುವವರೆಗೆ ನಿಂತು, ಆಮೇಲೆ ಗೊಬ್ಬರವಾಯಿತು. ಮೊದಲೇ ಹಾಗೆಂದು ನಿರ್ಧರಿಸಿದ್ದರಿಂದ ಅದು ಸೋಲಾಗಲಿಲ್ಲ. ನಿಮ್ಮ ನಮೂನೆಯಲ್ಲಿ ‘ಒಂದು ಋತು, ಐದು ವರ್ಷ, ಇಪ್ಪತ್ತೈದು ವರ್ಷ’ ಎಂಬ ಮೂರು ಆಯ್ಕೆ ಕೊಟ್ಟು, ಅವಧಿ ಮುಗಿದ ಮೇಲೆ ಬಿಚ್ಚುವ ಕ್ರಮವನ್ನೂ ಬರೆಸಿಕೊಳ್ಳಿ.

ಕೆಲಸ ಮಂಜೂರಾಗುವ ಮೊದಲೇ, ಅದೇ ವಸ್ತು, ಅದೇ ಜೋಡಣೆ, ಅದೇ ಬಣ್ಣವಿರುವ ಒಂದು ಅಡಿ ಚೌಕದ ಮಾದರಿಯನ್ನು ತಯಾರಿಸಿ ಕೃತಿ ನಿಲ್ಲುವ ಜಾಗದಲ್ಲೇ ಆರು ತಿಂಗಳು ಬಿಸಿಲು ಮಳೆಗೆ ಇಡಿಸಿ. ಒಟ್ಟು ಮೊತ್ತದ ಹತ್ತನೇ ಒಂದು ಪಾಲನ್ನು ಅನಾವರಣದಂದು ಪಾವತಿಸಬೇಡಿ. ವರ್ಷ ಕಳೆದ ಮೇಲೆ ಶಿಲ್ಪಿಯ ಎದುರಿನಲ್ಲೇ ಬೋಲ್ಟು, ತೂತು, ಬೆಸುಗೆ ಒಂದೊಂದನ್ನೂ ನೋಡಿ ಕೊಡಿ. ಪರಿಷ್ಕೃತ ನಮೂನೆಯ ಕರಡು ನಮ್ಮಲ್ಲಿ ಸಿದ್ಧವಿದೆ. ತಮ್ಮ ಎಂಜಿನಿಯರಿಂಗ್ ವಿಭಾಗ ಸಮಯ ಕೊಟ್ಟರೆ ಬಂದು ಕೂತು ವಿವರಿಸುತ್ತೇವೆ.

ಇತಿ ತಮ್ಮ ವಿಶ್ವಾಸಿಗಳು,
ಶಿಲ್ಪಿಗಳು, ಫ್ಯಾಬ್ರಿಕೇಟರುಗಳು ಮತ್ತು ಸಂರಕ್ಷಕರು