ಮೊಂಜಾ ಸ್ಪರ್ಧೆಗೆ ಮುನ್ನ ಮಗಳಿಗೊಂದು ಪತ್ರ

ಬೆಳಗಾವಿ
4 ಸೆಪ್ಟೆಂಬರ್ 2025

ಪ್ರೀತಿಯ ಮಗಳೇ,

ಈ ಭಾನುವಾರ ಮೊಂಜಾದಲ್ಲಿ ನಡೆಯುವ ಫಾರ್ಮುಲಾ ಒನ್ ಕಾರು ಸ್ಪರ್ಧೆ ಇಟಾಲಿಯನ್ ಗ್ರ್ಯಾಂಡ್ ಪ್ರಿಯನ್ನೂ ಮೆಕ್ಲಾರೆನ್ ತಂಡವೇ ಗೆಲ್ಲುತ್ತದೆ ಎಂದು ಫೋನಿನಲ್ಲಿ ನೀನು ಖಚಿತವಾಗಿ ಹೇಳಿದೆ. ಈ ವರ್ಷ ನಡೆದ 15 ಸ್ಪರ್ಧೆಗಳಲ್ಲಿ 12ನ್ನು ಗೆದ್ದ ತಂಡದ ಬಗ್ಗೆ ಹಾಗೆ ಅನ್ನಿಸುವುದು ಸಹಜ. ಆದರೆ ಆ ತಂಡದ ನಿಜವಾದ ಬಲ ಅತ್ಯಂತ ಕಡಿಮೆ ಉಪಯೋಗಕ್ಕೆ ಬರುವ ಓಟದ ಅಂಕಣಗಳಲ್ಲಿ (ಟ್ರ್ಯಾಕ್‌ಗಳಲ್ಲಿ) ಮೊಂಜಾ ಒಂದು ಎಂಬುದು ನನ್ನ ಎಣಿಕೆ. ಅದಕ್ಕೆ ಕಾರಣಗಳನ್ನು ಅವಸರದಲ್ಲಿ ಹೇಳಲಾಗದು, ಆದ್ದರಿಂದ ಬರೆಯುತ್ತಿದ್ದೇನೆ.

ಮರ್ಸಿಡಿಸ್ ತಂಡದ ಕಾರಿನಲ್ಲಿರುವ ಎಂಜಿನ್ನೇ ಮೆಕ್ಲಾರೆನ್ ಕಾರಿನಲ್ಲೂ ಇದೆ. 2022ರಿಂದ 2025ರ ಕೊನೆಯವರೆಗೆ ಎಂಜಿನ್‌ಗಳ ಸಾಮರ್ಥ್ಯ ಹೆಚ್ಚಿಸುವ ಬದಲಾವಣೆಗಳಿಗೆ ನಿಯಮವೇ ತಡೆ ಹಾಕಿದೆ. ಹೀಗಿದ್ದೂ ಎಂಜಿನ್ ತಯಾರಿಸಿದವರು ಈ ವರ್ಷ ಕೆನಡಾದಲ್ಲಿ ಮಾತ್ರ ಗೆದ್ದರು, ಅದನ್ನು ಅವರಿಂದ ಪಡೆದವರು ಎಲ್ಲರನ್ನೂ ಹಿಂದೆ ಹಾಕಿದರು. ವ್ಯತ್ಯಾಸವಿರುವುದು ಶಾಖದ ನಿರ್ವಹಣೆಯಲ್ಲಿ. ಬ್ರೇಕಿನ ಶಾಖ ರಿಮ್ಮಿಗೂ ರಿಮ್ಮಿನಿಂದ ಟೈರಿಗೂ ಹರಿಯುತ್ತದೆ, ಟೈರು ಮಿತಿಮೀರಿ ಕಾದರೆ ಹಿಡಿತ ಹೋಗುತ್ತದೆ. ಹಿಂಬದಿಯ ಬ್ರೇಕುಗಳ ಸುತ್ತ ಗಾಳಿ ಹರಿಸಿ ಆ ಶಾಖವನ್ನು ಟೈರಿಗೆ ತಲುಪದಂತೆ ತಡೆಯುವುದರಲ್ಲಿ ಮೆಕ್ಲಾರೆನ್ ಎಂಜಿನಿಯರುಗಳು ಉಳಿದವರಿಗಿಂತ ಬಹಳ ಮುಂದಿದ್ದಾರೆ. ಎದುರಾಳಿಗಳಿಗೆ ಇದರ ಮೇಲೆ ಅನುಮಾನವಿತ್ತು. ಈ ಕ್ರೀಡೆಯ ಆಡಳಿತ ಸಂಸ್ಥೆ ಎಫ್ಐಎ ಪರಿಶೀಲಿಸಿದಾಗ ನಿಯಮ ಮೀರಿದ್ದೇನೂ ಸಿಗಲಿಲ್ಲ. ಒಂದೊಂದು ಡಿಗ್ರಿಗಾಗಿ ವರ್ಷಗಟ್ಟಲೆ ದುಡಿದು ಪಡೆದ ಮುನ್ನಡೆ ಇದು, ಅದರ ಬಗ್ಗೆ ನನಗೆ ಅಪಾರ ಗೌರವವಿದೆ.

ಈಗ ಮೊಂಜಾ ಅಂಕಣವನ್ನು ನೋಡು. 1922ರಲ್ಲಿ ಕಟ್ಟಿದ ಈ ಅಂಕಣದ ಒಂದು ಸುತ್ತು 5.793 ಕಿ.ಮೀ., ಸ್ಪರ್ಧೆ 53 ಸುತ್ತುಗಳದ್ದು. ಒಂದು ಸುತ್ತಿನ ಸುಮಾರು ಮುಕ್ಕಾಲು ಪಾಲಿಗಿಂತ ಹೆಚ್ಚು ದೂರವನ್ನು ಚಾಲಕರು ಆಕ್ಸಿಲರೇಟರನ್ನು ಪೂರ್ತಿ ಒತ್ತಿಯೇ ಓಡಿಸುತ್ತಾರೆ. ಸ್ಪರ್ಧೆಯ ಆರಂಭದ ಸಾಲು ನಿರ್ಧರಿಸುವ ಅರ್ಹತಾ ಸುತ್ತಿನಲ್ಲಿ 2020ರಲ್ಲಿ, ಆಗ ಮರ್ಸಿಡಿಸ್ ಚಾಲಕರಾಗಿದ್ದ ಹ್ಯಾಮಿಲ್ಟನ್ ಇಲ್ಲಿ ಗಂಟೆಗೆ 264.362 ಕಿ.ಮೀ. ಸರಾಸರಿ ವೇಗ ಸಾಧಿಸಿದ್ದರು, ಆಗ ಅದು ದಾಖಲೆಯಾಗಿತ್ತು. ಟೈರನ್ನು ದೀರ್ಘಕಾಲ ಒತ್ತಿ ಕಾಯಿಸುವ ಉದ್ದನೆಯ ತಿರುವುಗಳು ಇಲ್ಲಿ ಕಡಿಮೆ. ನೇರ ದಾರಿಗಳಲ್ಲಿ ಗಾಳಿ ಬೀಸಿ ಟೈರು ತಣಿಯುತ್ತದೆ. ಹಾಗಾಗಿ ಬೇರೆಡೆ ಟೈರು ಕಾಯ್ದು ಹಿಂದೆ ಬೀಳುವವರಿಗೆ ಇಲ್ಲಿ ಉಸಿರಾಡಲು ಅವಕಾಶವಿದೆ.

ರೆಕ್ಕೆ ಗಾಳಿಯ ಬಲದಿಂದ ಕಾರನ್ನು ನೆಲಕ್ಕೆ ಒತ್ತುತ್ತದೆ, ಆದರೆ ವೇಗಕ್ಕೆ ಅಡ್ಡಿಯಾಗುತ್ತದೆ; ಆದ್ದರಿಂದ ಎಲ್ಲ ತಂಡಗಳೂ ಇಲ್ಲಿಗೆ ತೆಳ್ಳನೆಯ ಹಿಂಬದಿ ರೆಕ್ಕೆಯನ್ನು ತರುತ್ತವೆ. ಈ ವರ್ಷದ ಅತಿ ದೊಡ್ಡ ಜಗಳವೂ ರೆಕ್ಕೆಗಳದ್ದೇ. ವೇಗ ಹೆಚ್ಚಿದಂತೆ ಹಿಂಬದಿ ರೆಕ್ಕೆಯ ಎರಡು ಭಾಗಗಳ ನಡುವಿನ ಸಂದು ಅಗಲವಾದರೆ ಗಾಳಿಯ ಅಡ್ಡಿ ಇಳಿದು ಕಾರು ನೇರ ದಾರಿಯಲ್ಲಿ ಇನ್ನಷ್ಟು ಜಿಗಿಯುತ್ತದೆ. ಆ ಸಂದು ಅಗಲವಾಗುವುದಕ್ಕೆ ಆರಂಭದಲ್ಲಿ 2 ಮಿ.ಮೀ. ಇದ್ದ ಮಿತಿಯನ್ನು ಏಪ್ರಿಲ್‌ನ ಜಪಾನ್ ಸ್ಪರ್ಧೆಯ ಹೊತ್ತಿಗೆ 0.5 ಮಿ.ಮೀ.ಗೆ ಇಳಿಸಿದರು. ಸ್ಪೇನ್ ಸ್ಪರ್ಧೆಯಿಂದ ಮುಂಬದಿ ರೆಕ್ಕೆಯೂ 100 ಕಿಲೋ ಭಾರಕ್ಕೆ 15ರ ಬದಲು 10 ಮಿ.ಮೀ. ಮಾತ್ರ ಬಾಗಬಹುದು ಎಂದಾಯಿತು. ಉದ್ಯಮಬಾಗದ ಎರಕದ ಕಾರ್ಖಾನೆಯಲ್ಲಿ ಗೇಜು ಹಿಡಿದು ಗುಣಮಟ್ಟ ನೋಡುವ ನನಗೆ ಇಂಥ ಅಂಕಿಗಳು ಒಣ ಅಂಕಿಗಳಲ್ಲ. ನಿಂತ ಕಾರಿನ ಮೇಲೆ ಭಾರ ಹೇರಿ ಅಳೆಯುವ ಪರೀಕ್ಷೆಯನ್ನು ದಾಟಿ, ಓಡುವಾಗ ಮಾತ್ರ ಬೇಕಾದಷ್ಟು ಬಾಗುವಂತೆ ಕಾರ್ಬನ್ ಪದರಗಳನ್ನು ಜೋಡಿಸುವುದು ಎಷ್ಟು ಸೂಕ್ಷ್ಮವಾದ ಕೆಲಸವೆಂದು ನಾನು ಬಲ್ಲೆ. ಸ್ಪೇನ್‌ನಲ್ಲಿ ಮೆಕ್ಲಾರೆನ್ ಕುಸಿಯುತ್ತದೆ ಎಂದು ಕಾದವರಿದ್ದರು. ಅಲ್ಲಿ ಆ ತಂಡದ ಇಬ್ಬರು ಚಾಲಕರಲ್ಲಿ ಪಿಯಾಸ್ಟ್ರಿ ಮೊದಲಿಗರಾಗಿ, ನಾರಿಸ್ ಎರಡನೆಯವರಾಗಿ ಬಂದರು.

ಫೆರಾರಿಯ ಕಷ್ಟವೂ ಅಳತೆಯದ್ದೇ. ಕಾರಿನ ತಳದ ಹಲಗೆ ಸವೆದು 9 ಮಿ.ಮೀ.ಗಿಂತ ತೆಳುವಾಗಬಾರದು. ಅದಕ್ಕಿಂತ ಹೆಚ್ಚು ಸವೆದದ್ದಕ್ಕೆ, ಈಗ ಫೆರಾರಿಯಲ್ಲಿರುವ ಹ್ಯಾಮಿಲ್ಟನ್ ಚೀನಾದಲ್ಲಿ ಅನರ್ಹರಾದರು. ಕಾರನ್ನು ಎತ್ತರಿಸಿದರೆ ವೇಗ ಇಳಿಯುತ್ತದೆ, ತಗ್ಗಿಸಿದರೆ ಹಲಗೆ ಉಳಿಯದು. ಈ ಗಂಟು ಬಿಡಿಸಲು ಬೆಲ್ಜಿಯಂಗೆ ಹೊಸ ಹಿಂಬದಿ ಸಸ್ಪೆನ್ಷನ್ ತಂದರೂ ಈ ವರ್ಷ ಒಂದೇ ಒಂದು ಗ್ರ್ಯಾಂಡ್ ಪ್ರಿ ಗೆದ್ದಿಲ್ಲ, ಮೇಲಾಗಿ ಕಳೆದ ವಾರ ಜ್ಯಾಂಡ್‌ವೂರ್ಟ್‌ನಲ್ಲಿ ಎರಡೂ ಕಾರುಗಳು ಸ್ಪರ್ಧೆ ಮುಗಿಸಲಿಲ್ಲ. ಅಲ್ಲಿನ ತಪ್ಪಿಗಾಗಿ ಹ್ಯಾಮಿಲ್ಟನ್‌ಗೆ ಮೊಂಜಾದ ಆರಂಭದ ಸಾಲಿನಲ್ಲಿ ಐದು ಸ್ಥಾನ ಹಿಂದೆ ಸರಿಯುವ ದಂಡವೂ ಇದೆ. ಉಳಿದಿರುವ ಆಸೆ ಫೆರಾರಿಯ ಇನ್ನೊಬ್ಬ ಚಾಲಕ ಲೆಕ್ಲರ್ಕ್ ಅವರದ್ದು. ಕಳೆದ ವರ್ಷ ಅವರು ಒಮ್ಮೆ ಮಾತ್ರ ಟೈರು ಬದಲಿಸಿ, ಎರಡು ಬಾರಿ ನಿಂತ ಪಿಯಾಸ್ಟ್ರಿಯನ್ನು ಇಲ್ಲೇ ಸೋಲಿಸಿದರು.

ಆದರೂ ನನ್ನ ಕಣ್ಣಿರುವುದು ರೆಡ್ ಬುಲ್ ಮೇಲೆ. ಕಳೆದ ವರ್ಷ ಅದರ ಚಾಲಕ ವರ್ಸ್ಟಾಪೆನ್ ಇಲ್ಲಿ ಆರನೆಯವರಾಗಿದ್ದರು. ಆಗ ಆ ತಂಡದ ಬಳಿ ಮೊಂಜಾಕ್ಕೆ ತಕ್ಕ ರೆಕ್ಕೆಯೇ ಇರಲಿಲ್ಲ. ಈ ಸಲ ಅದನ್ನು ಸರಿಪಡಿಸಿಕೊಂಡು ಬಂದರೆ ಅವರು ಮುಂದಿನ ಸಾಲಿನಲ್ಲಿರುತ್ತಾರೆ. ಮೆಕ್ಲಾರೆನ್ ಒಳಗೂ ಒತ್ತಡವಿದೆ: ಕಳೆದ ವಾರ ನಾರಿಸ್ ಕಾರು ಕೆಟ್ಟು ನಿಂತ ಮೇಲೆ ಚಾಂಪಿಯನ್‌ಶಿಪ್ ಪಟ್ಟಿಯಲ್ಲಿ ಪಿಯಾಸ್ಟ್ರಿ ಅವರಿಗಿಂತ 34 ಅಂಕ ಮುಂದಿದ್ದಾರೆ.

ನಾಳೆ ರಾತ್ರಿ 8:30ರ ಎರಡನೆಯ ಅಭ್ಯಾಸವನ್ನು ತಪ್ಪಿಸಬೇಡ. ಒಂದೇ ಸುತ್ತಿನ ಸಮಯಕ್ಕೆ ಮರುಳಾಗದೆ, ಇಂಧನ ತುಂಬಿಕೊಂಡು ಸತತವಾಗಿ ಓಡುವಾಗ ಯಾರ ಸಮಯ ಎಷ್ಟು ಕುಸಿಯುತ್ತದೆ ಎಂಬುದನ್ನು ಬರೆದುಕೋ. ಶನಿವಾರ ಸಂಜೆ 7:30ಕ್ಕೆ ಅರ್ಹತಾ ಸುತ್ತು. ಅಂದೇ ಅನಂತ ಚತುರ್ದಶಿ. ಕಪಿಲೇಶ್ವರ ಹೊಂಡದತ್ತ ಗಣಪತಿಗಳ ಮೆರವಣಿಗೆ ಹೊರಟಿರುತ್ತದೆ, ಡೋಲು ತಾಶೆಗಳ ನಡುವೆ ನಾನು ಟಿವಿ ಮುಂದೆ ಕೂರುವುದು ಆಗದ ಮಾತು. ಆದ್ದರಿಂದ ವರ್ಸ್ಟಾಪೆನ್ ಮತ್ತು ಪಿಯಾಸ್ಟ್ರಿ ನೇರ ದಾರಿಯ ಕೊನೆಯಲ್ಲಿ ತಲುಪುವ ವೇಗವನ್ನು ಗುರುತು ಹಾಕಿ ನನಗೆ ಕಳುಹಿಸು. ಭಾನುವಾರ ಸಂಜೆ 6:30ಕ್ಕೆ ಸ್ಪರ್ಧೆ ಶುರುವಾಗುವ ಮೊದಲು ಅವನ್ನು ನಿನ್ನ ಶುಕ್ರವಾರದ ಅಂಕಿಗಳ ಪಕ್ಕದಲ್ಲಿಟ್ಟು ನೋಡಬೇಕು.

ನಿನ್ನ
ಅವ್ವ